ಗುರಿಗೆ ಕೂರದ ದುರ್ಬೀನು

೧೧ ಜೂನ್ ೨೦೦೮, ಬುಧವಾರ

ಶ್ರೀರಾಮ. ಇವತ್ತಿನ ರಾಮಕೋಟಿ ಬರೆದಾಯಿತು. ಪುಸ್ತಕದ ಹಿಂದೆ ಖಾಲಿ ಹಾಳೆಗಳಿವೆ, ಅಲ್ಲಿ ಇದನ್ನು ಬರೆದಿಡುತ್ತೇನೆ.

ಕೋವಿ ಮನೆಗೆ ಬಂತು. ಎಲೆಕ್ಷನ್ ಬಂದಾಗಲೆಲ್ಲ ಲೈಸೆನ್ಸ್ ಇರುವವರು ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಕೋವಿ ಮಾವನವರ ಕಾಲದ್ದು. ಮೇಲಿರುವ ದುರ್ಬೀನು ನನ್ನ ತಮ್ಮ ಚನ್ನಕೇಶವ ಮಿಲಿಟರಿಯಿಂದ ರಿಟೈರಾಗಿ ಗೌರಿಬಿದನೂರಿಗೆ ಬಂದ ವರ್ಷ ತಂದುಕೊಟ್ಟಿದ್ದು. ಅದರೊಳಗೆ ನೋಡಿದರೆ ದೂರದ್ದು ಹತ್ತಿರ ಕಾಣುತ್ತದೆ. ನಡುವೆ ಅಡ್ಡ ಒಂದು, ಉದ್ದ ಒಂದು ಗೆರೆ. ಗೆರೆಗಳು ಕೂಡುವ ಜಾಗಕ್ಕೆ ಗುಂಡು ಬೀಳಬೇಕು.

ಬೆಟ್ಟದ ಕೆಳಗಿನ ಹೊಲಕ್ಕೆ ಆಲೂಗಡ್ಡೆ ಹಾಕಿದ್ದೇವೆ. ಗಡ್ಡೆ ಬಲಿಯುವ ಹೊತ್ತಿಗೆ ಕಳವಾರದ ಬೆಟ್ಟದಿಂದ ಹಂದಿಗಳು ಇಳಿಯುತ್ತವೆ. ಹೊಡೆಯಲು ಅರಣ್ಯ ಇಲಾಖೆಯ ಅಪ್ಪಣೆ ಸಿಕ್ಕಿದೆ. ಸುತ್ತಿನ ಹಳ್ಳಿಗಳಲ್ಲಿ ಕೋವಿ ಇರುವುದು ನಮ್ಮ ಯಜಮಾನರೊಬ್ಬರ ಹತ್ತಿರ. ಹಂದಿ ಬಂತೆಂದರೆ ಎಲ್ಲರೂ ರಾಮಾಂಜಿನಪ್ಪನವರನ್ನು ಕರೆಯಿರಿ ಅನ್ನುತ್ತಾರೆ.

ಎರಡು ತಿಂಗಳು ಸ್ಟೇಷನ್ನಿನಲ್ಲಿ ಅದು ಯಾರ ಯಾರ ಕೋವಿಗೆ ಒರಗಿಕೊಂಡಿತ್ತೋ, ಅವು ಏನೇನು ಮಾಡಿ ಬಂದಿದ್ದವೋ. ಹಾಗೇ ದೇವರ ಕೋಣೆ ಪಕ್ಕಕ್ಕೆ ತಂದು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಇವರು ಗೊಬ್ಬರದ ಅಂಗಡಿಗೆ ಹೋಗಿದ್ದಾಗ ಅರಿಶಿನದ ನೀರಲ್ಲಿ ಒರೆಸಿದೆ. ದುರ್ಬೀನನ್ನು ಹಿಡಿದಿಡುವ ಎರಡು ಕಬ್ಬಿಣದ ಬಳೆಗಳು ಮಂಕಾಗಿದ್ದವು. ಚಾಕುವಿನ ತುದಿಯಿಂದ ತಿರುಪು ಸಡಿಲಿಸಿ ಒಳಗೂ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಮತ್ತೆ ಬಿಗಿದೆ. ಕುಂಕುಮ ಇಟ್ಟು ಸಾಂಬ್ರಾಣಿ ಹೊಗೆ ಹಿಡಿದೆ. ಈಗ ಮನೆಯ ವಸ್ತುವಿನ ಹಾಗೆ ಕಾಣುತ್ತದೆ.

೧೫ ಜೂನ್, ಭಾನುವಾರ

ಕೆರೆ ಅಂಗಳಕ್ಕೆ ಹೋಗಿದ್ದೆವು. ಕೆರೆ ಒಣಗಿದೆ. ಏರಿಯ ಮಣ್ಣಿಗೆ ಹಳೆ ಬಾಗಿಲಿನ ಹಲಗೆ ಒರಗಿಸಿ, ಅದರ ಮೇಲೆ ಕಾಗದ ಅಂಟಿಸಿ, ನಡುವೆ ಕುಂಕುಮದ ಬೊಟ್ಟು ಇಡುವುದು ನನ್ನ ಕೆಲಸ. ಇವರು ಕ್ಯಾಲೆಂಡರ್ ಹಾಳೆ ಕೇಳಿದರು.

"ಅದರಲ್ಲಿ ವೆಂಕಟರಮಣಸ್ವಾಮಿ ಇದಾನೆ. ಕೊಡಲ್ಲ," ಅಂದೆ.

"ಹಿಂದುಗಡೆ ಬಿಳೀ ಐತಲ್ಲೇ."

"ಗುಂಡು ಹಿಂದುಗಡೆ ನಿಂತ್ಕೊಂತದಾ?"

ಕೊನೆಗೆ ಎಲೆಕ್ಷನ್ ಪೋಸ್ಟರುಗಳನ್ನು ತಂದರು. ಮನೆಯಲ್ಲಿ ಒಂದು ಕಟ್ಟು ಉಳಿದಿತ್ತು, ಹಿಂದೆ ಪೂರ್ತಿ ಖಾಲಿ.

ಬೊಟ್ಟು ಇಟ್ಟು ನಾನು ಪಕ್ಕದ ದೊಡ್ಡ ಬಂಡೆಯ ಹಿಂದೆ ಹೋಗುತ್ತೇನೆ. ಏರಿ ಮೇಲೆ ದನ ಮೇಯಿಸುವವರು ಯಾರೂ ಇಲ್ಲವೆಂದು ನೋಡಿ "ಗೋವಿಂದಾ" ಎಂದು ಕೂಗುತ್ತೇನೆ. ಆಮೇಲೆ ಇವರು ಹೊಡೆಯುತ್ತಾರೆ. ನಾನು ಕೂಗದೆ ಇವರು ಎಂದೂ ಕೋವಿಯ ಕುದುರೆ ಎಳೆದವರಲ್ಲ.

ಮೊದಲ ಗುಂಡು ಕೆಳಗೆ ಬಲಕ್ಕೆ ಬಿತ್ತು. ದುರ್ಬೀನಿನ ಮೇಲೊಂದು ಪಕ್ಕಕ್ಕೊಂದು ಗುಂಡಿ ಇವೆ, ತಿರುಗಿಸಿದರೆ ಗುರಿ ಮೇಲೆ ಕೆಳಗೆ, ಆಚೆ ಈಚೆ ಸರಿಯುತ್ತದೆ. ಇವರು ತಿರುಗಿಸಿದರು. ಎರಡನೆಯದು ಎಡಕ್ಕೆ ಹೋಯಿತು. ಮೂರನೆಯದು ಹಲಗೆಯ ಮೂಲೆಗೆ. ಮತ್ತೆ ತಿರುಗಿಸಿದರು. ನಾಲ್ಕನೆಯದು ಏರಿಯ ಮಣ್ಣಲ್ಲಿ ದೂಳೆಬ್ಬಿಸಿತು.

"ಕೆಡಿಸಿದಾರೆ ಕಣೇ. ಸ್ಟೇಷನ್ನಲ್ಲಿ ಯಾವನೋ ಬೀಳಿಸಿದಾನೆ," ಅಂದರು. ಊಟಕ್ಕೆ ಕೂತಾಗಲೂ ಅದೇ ಮಾತು.

೨೨ ಜೂನ್, ಭಾನುವಾರ

ಇವತ್ತೂ ಹಾಗೇ. ಒಂದೊಂದು ಗುಂಡು ಒಂದೊಂದು ಕಡೆ. ವರ್ಷಕ್ಕೆ ಇಷ್ಟೇ ತೋಟಾ ಎಂದು ಲೈಸೆನ್ಸಿನಲ್ಲಿ ಇರುವುದರಿಂದ ಬೇಗ ನಿಲ್ಲಿಸಿದರು.

ಸ್ಟೇಷನ್ನಿಗೆ ಹೋಗಿ ಕೂಗಾಡಿ ಬಂದರಂತೆ. ಅಲ್ಲಿದ್ದವರು, "ಯಜಮಾನ್ರೇ, ನಿಮ್ ಕೋವಿ ಗೋಣಿಚೀಲದಲ್ಲಿ ಬಂದಿದ್ದು, ಗೋಣಿಚೀಲದಲ್ಲೇ ಹೋಗಿದ್ದು, ನಾವು ಬಿಚ್ಚೇ ಇಲ್ಲ," ಅಂದರಂತೆ. ಇವರು ನಂಬಿಲ್ಲ.

ನಾನು ತಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಬರ್ತೀನಿ ಅಂದ.

೨೯ ಜೂನ್, ಭಾನುವಾರ

ಚನ್ನಕೇಶವ ಬೆಳಗಿನ ಬಸ್ಸಿಗೇ ಬಂದ. ಕಾಫಿ ಕುಡಿಯುತ್ತಾ ಪೋಸ್ಟರುಗಳನ್ನು ನೆಲದ ಮೇಲೆ ಹರಡಿಕೊಂಡು ನೋಡಿದ.

"ಬಾವ, ಗುಂಡೆಲ್ಲ ಒಂದೇ ಜಾಗದಲ್ಲಿ ಬಿದ್ದು, ಆ ಜಾಗ ತಪ್ಪಾಗಿದ್ರೆ ಗುಂಡಿ ತಿರುಗಿಸಬೇಕು. ಇದು ರಾಗಿ ಚೆಲ್ಲಿದಂಗೆ ಬಿದ್ದೈತೆ. ಇದಕ್ಕೆ ತಿರುಗಿಸಬಾರದು. ಎಲ್ಲೋ ಸಡಿಲ ಐತೆ ಅಂತ ಅರ್ಥ."

"ಸಡಿಲ ಎಲ್ಲಿಂದ ಬಂತು? ಸ್ಟೇಷನ್ನಿಂದ ಬಂತು," ಅಂದರು ಇವರು.

"ಸರಿ, ನೋಡಣ ಇರಿ."

ಜಗುಲಿ ಮೇಲೆ ಕಂಬಳಿ ಹಾಸಿ ಕೋವಿ ಮಲಗಿಸಿದ. ಬಳೆಗಳ ತಿರುಪು ಬಿಚ್ಚಿದ. ಬೆರಳು ಒಳಗಿಟ್ಟು ತೆಗೆದು ಮೂಸಿ ನೋಡಿದ. ಬೆರಳು ಹಳದಿಯಾಗಿತ್ತು.

"ಅಕ್ಕ."

"ಏನೋ?"

"ಇದಕ್ಕೆ ಎಣ್ಣೆನೀರು ಹಾಕಿದ್ಯಾ?"

ನಾನು ಹೌದು ಅಂದೆ. ಸ್ಟೇಷನ್ನಿಂದ ಬಂದದ್ದಲ್ಲವಾ ಅಂದೆ. ಅವನು ಗೋಡೆಗೆ ಒರಗಿ ನಕ್ಕ. ಇವರು ಏನಂತೆ ಏನಂತೆ ಎಂದು ಕೇಳಿದರು.

"ಏನಿಲ್ಲ ಬಾವ. ನಿಮ್ ಕೋವಿ ಮೈನೆರೆದೈತೆ. ಅಕ್ಕ ಅರಿಶಿನ ಹಚ್ಚಿ ಕೂರಿಸವಳೆ."

ಬಳೆಯೊಳಗೆ ಅರಿಶಿನ ಒಣಗಿ ಹಕ್ಕಳೆ ಕಟ್ಟಿತ್ತು. ತಿರುಪು ಬಿಗಿದ ಹಾಗೆ ಕಾಣುತ್ತಿತ್ತು, ಆದರೆ ಬಿಗಿದಿದ್ದು ಅರಿಶಿನದ ಮೇಲೆ. ಮೇಲಿಂದ ಎಣ್ಣೆ. ಒಂದೊಂದು ಗುಂಡು ಹಾರಿದಾಗಲೂ ಕೋವಿ ಒದೆಯುತ್ತದಲ್ಲ, ದುರ್ಬೀನು ಅಷ್ಟಷ್ಟೇ ಜಾರಿದೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಬಿಗಿದ. ಇವರೂ ನಕ್ಕರು. ನಾಳೆ ಸ್ಟೇಷನ್ನಿಗೆ ಹೋಗಿ ಅವರಿಗೆ ಏನು ಹೇಳಬೇಕೋ ಅಂದರು. ಹೋಗುವುದಿಲ್ಲ, ನನಗೆ ಗೊತ್ತು.

ದೇವರಿಗೆ ಮಾಡಿದ್ದು ಹೀಗಾಯಿತಲ್ಲ ಎಂದು ನನಗೆ ಅನ್ನಿಸಲಿಲ್ಲ. ಕಬ್ಬಿಣಕ್ಕೆ ಹೊರಗೆ ಹಚ್ಚಬೇಕು, ಒಳಗೆ ಹಚ್ಚಬಾರದು. ಇನ್ನು ಮೇಲೆ ಹಾಗೆ ಮಾಡುತ್ತೇನೆ.

ಮಧ್ಯಾಹ್ನ ಕೆರೆಯಲ್ಲಿ ತಮ್ಮ ಮೂರು ಗುಂಡು ಹಾರಿಸಿದ. ಮೂರೂ ಬೊಟ್ಟಿನ ಸುತ್ತ, ಒಂದು ಬಿಲ್ಲೆ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. "ಆಯ್ತು ಬಾವ, ಕೂತ್ಕೊಂಡ್ತು. ಇನ್ನು ಮುಟ್ಟಬೇಡಿ," ಎಂದು ಹೇಳಿ ಸಂಜೆ ಬಸ್ಸಿಗೆ ಹೋದ.

೬ ಜುಲೈ, ಭಾನುವಾರ

ಇವರು ಹೊಡೆದರು. ಒಂದು ಹಲಗೆಯ ಕೆಳಗಿನ ಅಂಚಿಗೆ, ಇನ್ನೊಂದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

"ಅವನ ಕಣ್ಣಿಗೆ ಕೂರಿಸಿ ಹೋಗಿದಾನೆ. ಅವನ ಕಣ್ಣು ಬೇರೆ, ನನ್ನ ಕಣ್ಣು ಬೇರೆ," ಅಂದರು. ಗುಂಡಿ ತಿರುಗಿಸಿದರು.

ಹೋದ ವರ್ಷ ಇದೇ ದುರ್ಬೀನಿನಲ್ಲಿ, ಬೆಳಗಿನ ಮಬ್ಬಿನಲ್ಲಿ, ಓಡುತ್ತಿದ್ದ ಹಂದಿಯನ್ನು ಒಂದೇ ಗುಂಡಿಗೆ ಕೆಡವಿದ್ದರು. ವರಾಹಸ್ವಾಮಿ ಕ್ಷಮಿಸಲಿ ಎಂದು ನಾನು ಅವತ್ತು ಒಪ್ಪೊತ್ತು ಮಾಡಿದ್ದೆ.

೧೩ ಜುಲೈ, ಭಾನುವಾರ

ಇವತ್ತು ಹೊಡೆಯಲಿಲ್ಲ, ತುಂತುರು.

ನಲ್ಲಪ್ಪ ಬಂದಿದ್ದ. ಬೆಟ್ಟದ ಬುಡದಲ್ಲಿ ಟೀ ಅಂಗಡಿ ಇಟ್ಟಿದ್ದಾನೆ. ಒಂದೆರಡು ವರ್ಷದಿಂದ ಬೆಂಗಳೂರಿನ ಹುಡುಗ ಹುಡುಗಿಯರು ಶನಿವಾರ ಬಂದು, ಇನ್ನೂ ಕತ್ತಲಿರುವಾಗಲೇ ಬೆಟ್ಟ ಹತ್ತಿ, ಮೇಲೆ ಮೋಡ ನೋಡಿಕೊಂಡು ಇಳಿಯುತ್ತಾರೆ. ದಾರಿ ತೋರಿಸುವವನು ನಲ್ಲಪ್ಪ. ಆ ಕಾಲುದಾರಿ ನಮ್ಮ ಆಲೂಗಡ್ಡೆ ಹೊಲದ ಬದುವಿನ ಮೇಲೇ ಹೋಗುತ್ತದೆ.

"ಚಿಕ್ಕಕ್ಕ, ಮಳೆ ಬಂದ್ರೆ ಮೋಡ ಜಾಸ್ತಿ, ಮೋಡ ಜಾಸ್ತಿ ಆದ್ರೆ ಜನ ಜಾಸ್ತಿ," ಅಂದ. "ಮೋಡ ನೋಡಕ್ಕೆ ದುಡ್ಡು ಕೊಟ್ಟು ಬರ್ತಾರಲ್ಲ, ಇವರ ಊರಾಗೆ ಮೋಡ ಇಲ್ವಾ?"

"ಬ್ಯಾಟರಿ ಹಾಕ್ಕೊಂಡು ನಡೀತಾರಾ?" ಎಂದು ಇವರು ಕೇಳಿದರು.

"ಎಲ್ಲಿ ಹಾಕ್ತಾರೆ? ಒಬ್ಬ ಹಾಕಿದ್ರೆ ಹತ್ತು ಜನ ಆಫ್ ಮಾಡೋ ಅಂತಾರೆ. ನಕ್ಷತ್ರ ಕಾಣಲ್ವಂತೆ. ನೀನು ಯಾವತ್ತು ಕಾವಲು ಕೂರ್ತೀಯ ಹೇಳಪ್ಪ, ಆವತ್ತು ಮೆಲ್ಲಗೆ ಕರ್ಕೊಂಡು ಹೋಗ್ತೀನಿ."

"ನೀನು ಮೆರವಣಿಗೆ ಮಾಡ್ಕೊಂಡು ಹೋಗು. ನಾನು ಹಂದಿಗೆ ಹೊಡೆಯೋನು, ಹಂದಿಗೇ ಹೊಡೀತೀನಿ," ಅಂದರು ಇವರು.

ನಲ್ಲಪ್ಪ ನಕ್ಕ. ಇವರು ತಮ್ಮ ಕಾಫಿ ಲೋಟ ಇಡುವಾಗ ಕಟ್ಟೆಯ ಅಂಚು ತಪ್ಪಿತು. ಲೋಟ ಕೆಳಗೆ ಬಿತ್ತು.

೨೦ ಜುಲೈ, ಭಾನುವಾರ

ಮೂರು ಗುಂಡು. ಒಂದು ಹಲಗೆಯ ಮೂಲೆ ಸೀಳಿತು. ಇನ್ನೆರಡು ಹಲಗೆಗೂ ತಾಕಲಿಲ್ಲ, ಏರಿಯ ಮೇಲೆ ದೂಳು ಎದ್ದದ್ದನ್ನು ಬಂಡೆಯ ಹಿಂದಿನಿಂದ ನೋಡಿದೆ. ಇವರು ಅಲ್ಲಿಂದಲೇ "ಎಲ್ಲಿ ಬಿತ್ತೇ?" ಎಂದು ಕೂಗಿದರು. ದನಿ ಒಂಥರಾ ಇತ್ತು. ಬೆಳಿಗ್ಗೆಯಿಂದ ತಿಂಡಿ ತಿಂದಿರಲಿಲ್ಲ.

ಗೋಣಿಚೀಲ ಹೊಲಿಯುವ ದಬ್ಬಳ ನನ್ನ ಸೆರಗಿನ ಗಂಟಿನಲ್ಲಿತ್ತು. ಹೊರಡುವ ಮುಂಚೆ ಚೀಲದ ಬಾಯಿ ಹೊಲಿದಿದ್ದೆ. ಕಾಗದ ಕಿತ್ತುಕೊಂಡು, ಬೊಟ್ಟಿನ ಪಕ್ಕ ದಬ್ಬಳ ಚುಚ್ಚಿ, ತಿರುವಿ ಅಗಲ ಮಾಡಿದೆ. ಎರಡು ಮಾಡಿದೆ. ಬೊಟ್ಟಿನ ಮೇಲೇ ಮಾಡಿದರೆ ಚೆನ್ನಾಗಿರುವುದಿಲ್ಲ ಎಂದು ಒಂದು ಬೆರಳು ಎಡಕ್ಕೆ ಮಾಡಿದೆ.

ಇವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ತೂತಿನ ಮೇಲೆ ಬೆರಳು ಆಡಿಸಿದರು. "ನೋಡಿದ್ಯಾ!" ಅಂದರು. "ಸ್ವಲ್ಪ ಎಡಕ್ಕೆ ಐತೆ. ಅಷ್ಟೇ." ಗುಂಡಿಯನ್ನು ಬಲಕ್ಕೆ ಸ್ವಲ್ಪ ತಿರುಗಿಸಿದರು.

ಮಧ್ಯಾಹ್ನ ಎರಡು ಮುದ್ದೆ ಉಂಡರು. ಸಂಜೆ ಆ ಕಾಗದವನ್ನು ನಲ್ಲಪ್ಪನ ಅಂಗಡಿಗೆ ತೆಗೆದುಕೊಂಡು ಹೋಗಿದ್ದರಂತೆ. ಅವನು ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಒಂದು ಸಲ ಮನಸ್ಸಿಗೆ ಧೈರ್ಯ ಬಂದರೆ ಕೈ ತಾನೇ ನೆಟ್ಟಗಾಗುತ್ತದೆ. ವೆಂಕಟರಮಣ ನಡೆಸಿಕೊಡುತ್ತಾನೆ.

೨೭ ಜುಲೈ, ಭಾನುವಾರ

ಎರಡು ಗುಂಡು. ಎರಡು ದಬ್ಬಳ. ಈ ಸಲ ಸ್ವಲ್ಪ ಕೆಳಗೆ ಮಾಡಿದೆ. ಇವರು ಗುಂಡಿಯನ್ನು ಮೇಲಕ್ಕೆ ತಿರುಗಿಸಿದರು.

೧ ಆಗಸ್ಟ್, ಶುಕ್ರವಾರ

ಭೀಮನ ಅಮಾವಾಸ್ಯೆ. ಬೆಳಿಗ್ಗೆಯೇ ಇವರ ಪಾದ ತೊಳೆದು ಪೂಜೆ ಮಾಡಿ ದಾರ ಕಟ್ಟಿಸಿಕೊಂಡೆ. ಸಂಜೆ ಸೂರ್ಯಗ್ರಹಣ ಇದ್ದದ್ದರಿಂದ ಅಡುಗೆ ಮುಂಚೆ ಮುಗಿಸಿ, ಎಲ್ಲದಕ್ಕೂ ದರ್ಭೆ ಹಾಕಿದೆ.

ಅಂಗಳದಲ್ಲಿ ದೊಡ್ಡ ತಟ್ಟೆಗೆ ಸಗಣಿ ನೀರು ಕಲಸಿಟ್ಟಿದ್ದೆ, ಸೂರ್ಯನನ್ನು ಅದರೊಳಗೆ ನೋಡಲು. ನಲ್ಲಪ್ಪನೂ ಬಂದಿದ್ದ. ಮೋಡ ಸರಿಯಿತು. ಇವರು ತಟ್ಟೆಯ ಮೇಲೆ ಬಗ್ಗಿದರು.

"ಹೂಂ, ಹಿಡಿದೈತೆ. ಅರ್ಧ ನುಂಗೈತೆ," ಅಂದರು.

ನಲ್ಲಪ್ಪ ಗಡಿಯಾರ ನೋಡಿಕೊಂಡ. "ಇನ್ನೂ ಹಿಡಿದಿಲ್ಲ ಕಣಪ್ಪ. ಪಂಚಾಂಗದಲ್ಲಿ ಇನ್ನೂ ಹೊತ್ತೈತೆ."

"ನನಗೆ ಕಾಣ್ತಾ ಐತೆ, ನಿನಗೆ ಕಾಣಲ್ಲ ಅಂದ್ರೆ ನಾನೇನು ಮಾಡ್ಲಿ?"

ನಲ್ಲಪ್ಪ ನನ್ನ ಮುಖ ನೋಡಿದ. ನಾನು ತಟ್ಟೆಯೊಳಗೆ ನೋಡಿದೆ. ಸೂರ್ಯ ದುಂಡಗೆ ಇದ್ದ. ನಾನು ಎದ್ದು ತುಳಸಿಗೆ ನೀರು ಹಾಕಲು ಹೋದೆ.

೩ ಆಗಸ್ಟ್, ಭಾನುವಾರ

ಶ್ರಾವಣ ಬಂತು. ಶ್ರಾವಣದಲ್ಲಿ ಜೀವ ತೆಗೆಯುವುದು ಬೇಡ ಅಂದೆ. ಗಡ್ಡೆ ಬಲಿಯುವುದೂ ಶ್ರಾವಣ ಕಳೆದ ಮೇಲೇ, ಆಗಲಿ ಅಂದರು. ಕೋವಿ ಇಡುವ ಮುಂಚೆ ಒಂದು ಸಲ ನೋಡೋಣ ಎಂದು ಕೆರೆಗೆ ಹೋದೆವು. ಒಂದು ಗುಂಡು. ಬೊಟ್ಟಿನ ಮೇಲೇ ಮಾಡಿಕೊಟ್ಟೆ. ಇನ್ನು ಇದನ್ನು ನಿಲ್ಲಿಸಬಹುದು.

"ಕೂತ್ಕೊಂಡ್ತು ಕಣೇ," ಅಂದರು. ಗುಂಡಿಗಳ ಮೇಲೆ ಮುಚ್ಚಳ ಹಾಕಿ ಬಿಗಿದರು.

೨೩ ಆಗಸ್ಟ್, ಶನಿವಾರ

ಶ್ರಾವಣ ಶನಿವಾರ. ನಾಮ ಹಾಕಿಕೊಂಡು ಗೋವಿಂದ ಎನ್ನುತ್ತ ಬರುವ ದಾಸಯ್ಯಗಳಿಗೆ ಅಕ್ಕಿ ನೀಡಿದೆ. ಇವರು ಬಾಗಿಲಲ್ಲೇ ಕೂತಿದ್ದವರು ಒಬ್ಬ ದಾಸಯ್ಯನನ್ನು "ಬಾ ಮುನಿಗಂಗಪ್ಪ, ಕೂತ್ಕೊ," ಎಂದು ಕರೆದರು. ಅವನು ನಮ್ಮೂರ ಮುನಿಗಂಗಪ್ಪ ಅಲ್ಲ, ಬೇರೆ ಯಾರೋ. ನಾಮ ಹಾಕಿಕೊಂಡರೆ ಎಲ್ಲರೂ ಒಂದೇ ಥರ ಕಾಣುತ್ತಾರೆ ಎಂದು ಆಮೇಲೆ ನಕ್ಕರು.

ಹೊಲದಲ್ಲಿ ಹಂದಿ ಕೆದಕಿದ ಗುರುತು ಒಂದೆರಡು ಕಡೆ ಕಂಡಿದೆ. ಕಾವಲಿಗೆ ಅಟ್ಟಣೆ ಕಟ್ಟಿಸಿದರು. ಹಬ್ಬ ಕಳೆದ ಶನಿವಾರ ಕೂರುತ್ತಾರಂತೆ.

ಶನಿವಾರವೇ ನಲ್ಲಪ್ಪನ ಜನವೂ ಬರುವುದು.

೨ ಸೆಪ್ಟೆಂಬರ್, ಮಂಗಳವಾರ

ಗೌರಿಹಬ್ಬ. ಚನ್ನಕೇಶವ ಬಾಗಿನ ತಂದ. ಕೆಂಪು ಸೀರೆ, ನನ್ನ ವಯಸ್ಸಿಗೆ ಇಷ್ಟು ಕೆಂಪು ಯಾಕೋ ಎಂದರೆ, "ನಿನಗೆ ವಯಸ್ಸಾಯ್ತು ಅಂತ ನಾನು ಒಪ್ಪಿದ್ರೆ ನನಗೂ ಆದಂಗೆ," ಅಂದ.

ಊಟವಾದ ಮೇಲೆ ಇವರು ಮಲಗಿದರು. ತಮ್ಮ, "ಹೆಂಗೈತೆ ದುರ್ಬೀನು? ಒಂದು ಗುಂಡು ಹಾಕಿ ಬರ್ತೀನಿ," ಎಂದು ಕೋವಿ ತೆಗೆದುಕೊಂಡ. ನಾನು ಹಿಂದೆ ಹೋದೆ. ಬೊಟ್ಟಿಟ್ಟು ಗೋವಿಂದ ಅಂದೆ. ಅವನು ಹೊಡೆದ. ಗುಂಡು ಹಲಗೆಯ ಬಲಗಡೆ, ಮೇಲೆ, ಬರೀ ಮಣ್ಣಿಗೆ ಹೋಯಿತು.

ಅವನು ಎದ್ದು ನಿಂತ. ಬಳೆ ಅಲ್ಲಾಡಿಸಿ ನೋಡಿದ. ಬಿಗಿಯಾಗಿತ್ತು. ಇನ್ನೊಂದು ಹೊಡೆದ. ಮೊದಲನೆಯದು ಬಿದ್ದ ಜಾಗದಲ್ಲೇ ದೂಳು ಎದ್ದಿತು.

"ಕೋವಿ ಸರಿ ಐತೆ. ಯಾರೋ ಬೇಕು ಅಂತ ಆ ಕಡೆ ತಿರುಗಿಸಿದಾರೆ," ಅಂದ. "ಬಾವ ಹೊಡೆದ ಕಾಗದ ಇದಾವಾ?"

ಮನೆಯಲ್ಲಿ ಉಳಿದಿದ್ದನ್ನು ತಂದುಕೊಟ್ಟೆ. ಅವನು ಕಾಗದವನ್ನು ಹಲಗೆಯ ಮೇಲೆ ಮೊದಲಿನ ಹಾಗೇ ಇಟ್ಟ. ತೂತಿನೊಳಗೆ ಕಡ್ಡಿ ತೂರಿಸಿದ. ಕಡ್ಡಿ ನಿಂತುಬಿಟ್ಟಿತು. ಅದರ ಹಿಂದೆ ಹಲಗೆಯಲ್ಲಿ ತೂತಿರಲಿಲ್ಲ.

ಎಲ್ಲ ತೂತಿಗೂ ಹಾಗೇ ಮಾಡಿದ. ಆಮೇಲೆ ಬಂಡೆಯ ಮೇಲೆ ಕೂತ.

"ಯಾತರಲ್ಲಿ ಮಾಡ್ದೆ?"

"ದಬ್ಬಳದಲ್ಲಿ."

"ಯಾಕೆ?"

"ಊಟ ಮಾಡ್ತಿರಲಿಲ್ಲ," ಅಂದೆ. ಯಾವ ಸಲ ಎಲ್ಲಿ ಚುಚ್ಚಿದೆ ಎಂದೂ ಹೇಳಿದೆ.

ಅವನಿಗೆ ನಗು ಬಂತೋ ಏನೋ, ಮುಖ ಆ ಕಡೆ ತಿರುಗಿಸಿದ. "ಎಡಕ್ಕೆ ತೂತು ಮಾಡಿದೆ, ಬಾವ ಬಲಕ್ಕೆ ತಿರುಗಿಸಿದ್ರು. ಕೆಳಗೆ ಮಾಡಿದೆ, ಮೇಲಕ್ಕೆ ತಿರುಗಿಸಿದ್ರು. ಪಾಪ ದುರ್ಬೀನು ನೀನು ಹೇಳಿದ್ದೆಲ್ಲ ಕೇಳೈತೆ ಅಕ್ಕ. ಈಗ ಹಂದಿಗೆ ಗುರಿ ಇಟ್ರೆ ಗುಂಡು ಬದುವಿನ ಮೇಲೆ ಹೋಗ್ತದೆ. ಬದುವಿನ ಮೇಲೆ ಯಾರು ನಡೀತಾರೆ?"

ನಾನು ಗೊತ್ತು ಅಂದೆ.

"ನಾನು ಇವತ್ತು ಸರಿ ಮಾಡಿ ಹೋಗ್ತೀನಿ. ಕಣ್ಣು ಸರಿ ಮಾಡೋಕೆ ನನಗೆ ಬರಲ್ಲ. ಕೆಟ್ಟಿರೋದು ಬಾವನ ಕಣ್ಣು ಕಣೇ. ಜೂನ್‌ನಲ್ಲೇ ನನಗೆ ಅನುಮಾನ ಬಂತು, ನಾನೂ ಬಾಯಿ ಬಿಡಲಿಲ್ಲ. ನಾನು ಹೇಳಿದ್ರೆ, ಮಿಲಿಟರಿಯೋನು ದೊಡ್ಡಸ್ತಿಕೆ ತೋರಿಸ್ತಾನೆ ಅಂತ ಕೋವಿ ತಗೊಂಡು ಇವತ್ತೇ ಹೊಲಕ್ಕೆ ಹೋಗ್ತಾರೆ. ನೀನು ಹೇಳು. ಶನಿವಾರದೊಳಗೆ ಹೇಳು. ಹೇಳಲಿಲ್ಲ ಅಂದ್ರೆ ಶನಿವಾರ ಬಂದು ಕೋವಿ ನಾನೇ ಕಿತ್ಕೊತೀನಿ, ಆಮೇಲೆ ಈ ಮನೆ ಬಾಗಿಲಿಗೆ ನನ್ನ ಸೇರಿಸ್ತಾರೋ ಬಿಡ್ತಾರೋ."

೩ ಸೆಪ್ಟೆಂಬರ್, ಬುಧವಾರ

ಗಣೇಶನ ಹಬ್ಬ. ಕಡುಬು ಮಾಡಿದೆ. ಇವರಿಗೆ ಹೇಳಲಿಲ್ಲ.

೪ ಸೆಪ್ಟೆಂಬರ್, ಗುರುವಾರ

ನಲ್ಲಪ್ಪನ ಅಂಗಡಿಗೆ ಹೋಗಿ, ಈ ಶನಿವಾರ ಜನರನ್ನು ಕರೆದುಕೊಂಡು ಹೋಗಬೇಡ ಅಂದೆ.

"ನಾನು ಬಿಟ್ರೂ ಅವರು ಬಿಡಲ್ಲ ಚಿಕ್ಕಕ್ಕ. ದಾರಿ ಗೊತ್ತಿರೋ ಹುಡುಗರು ತಾವೇ ಹೋಗ್ತಾರೆ. ಅಣ್ಣನ ಗುರಿ ಇರುವಾಗ ನಿನಗ್ಯಾಕೆ ಹೆದರಿಕೆ?" ಎಂದು ಗೋಡೆಯ ಕಾಗದ ತೋರಿಸಿದ.

ವಾಪಸ್ಸು ಬರುವಾಗ ಇವರಿಗೆ ಹೇಳಬೇಕೋ ಬೇಡವೋ ಎಂದು ದೇವರನ್ನು ಕೇಳಿಕೊಂಡೆ. ದೇವಸ್ಥಾನದಲ್ಲಿ ಹೂವು ಬಲಕ್ಕೆ ಬಿದ್ದರೆ ಹೇಳುವುದು, ಎಡಕ್ಕೆ ಬಿದ್ದರೆ ಸುಮ್ಮನಿರುವುದು ಎಂದುಕೊಂಡಿದ್ದೆ. ದೇವಸ್ಥಾನದ ಮುಂದೆ ಬಂದಾಗ ಒಳಗೆ ಹೋಗಲಿಲ್ಲ. ಹೊರಗಿನಿಂದ ಕೈ ಮುಗಿದು ಬಂದೆ. ಒಲೆ ಮೇಲೆ ಹಾಲಿಟ್ಟು ಬಂದಿದ್ದೆ.

೫ ಸೆಪ್ಟೆಂಬರ್, ಶುಕ್ರವಾರ

ಇವರೇ, ನಾಳೆ ಕೂರುವ ಮುಂಚೆ ಒಂದು ಸಲ ನೋಡಿಬಿಡೋಣ ಅಂದರು. ಸಂಜೆ ಬಿಸಿಲು ಇನ್ನೂ ಇತ್ತು. ತೂಬಿನ ಕಲ್ಲಿನ ಹತ್ತಿರ ಗೋಣಿಚೀಲ ಹಾಸಿ ಮಲಗಿದರು. ನಾನು ಕಾಗದ ಅಂಟಿಸಿ ಬೊಟ್ಟಿಟ್ಟೆ.

ಬಂಡೆಯ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಹಲಗೆಯ ಪಕ್ಕದಲ್ಲೇ ನಿಂತೆ. ಕೈ ಚಾಚಿದರೆ ಹಲಗೆ ಸಿಗುತ್ತಿತ್ತು. ತಮ್ಮ ತಂದ ಕೆಂಪು ಸೀರೆ ಉಟ್ಟಿದ್ದೆ.

ಇವರು ದುರ್ಬೀನಿಗೆ ಕಣ್ಣು ಕೊಟ್ಟರು. ಕೋವಿಯ ಬಾಯಿ ನನ್ನ ಕಡೆಗೇ ಇತ್ತು. ನಾನು ಗೋವಿಂದ ಅನ್ನದೆ ಇವರು ಹೊಡೆಯುವುದಿಲ್ಲ. ಅದು ನನಗೆ ಗೊತ್ತಿತ್ತು.

"ಹೋದ್ಯಾ?" ಎಂದು ಕೂಗಿದರು.

ನಾನು ಸೆರಗು ಸಿಕ್ಕಿಸಿಕೊಂಡೆ.

"ಏನೇ! ಬಂಡೆ ಹಿಂದೆ ಹೋದ್ಯೇನೇ? ಗೋವಿಂದ ಅನ್ನೇ!"

ಹಲಗೆಯ ಮೇಲೆ ಗೊದ್ದದ ಇರುವೆಗಳು ಹತ್ತುತ್ತಿದ್ದವು. ಅವನ್ನು ನೋಡುತ್ತಾ ನಿಂತೆ.

ಇವರು ತಲೆ ಎತ್ತಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಮತ್ತೆ ದುರ್ಬೀನಿನಲ್ಲಿ ನೋಡಿದರು. ಮತ್ತೆ ತಲೆ ಎತ್ತಿದರು. "ಹಾಳಾದೋಳು ಎಲ್ಲಿ ಹೋದ್ಲು," ಅಂದದ್ದು ಗಾಳಿಯಲ್ಲಿ ಕೇಳಿಸಿತು. ಆಮೇಲೆ ಕೋವಿಯಿಂದ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ಕೋವಿ ಅಲ್ಲೇ ಮಲಗಿಸಿ, ಎದ್ದು ನಡೆದು ಬಂದರು. ಬಂಡೆಯ ಕಡೆಗೆ ನೋಡುತ್ತಾ ಬಂದರು. ನಡುಮನೆಯಿಂದ ಅಂಗಳದಷ್ಟು ದೂರಕ್ಕೆ ಬಂದಾಗ ನಿಂತರು.

"ಇಲ್ಲೇ ನಿಂತಿದ್ಯಾ?"

"ಇಲ್ಲೇ ನಿಂತಿದ್ದೆ."

"ಆಗಿನಿಂದ?"

"ಆಗಿನಿಂದ."

ಇವರು ಹಲಗೆ ನೋಡಿದರು, ಸೀರೆ ನೋಡಿದರು. "ಹಲಗೆ ಕಾಣ್ತು ಕಣೇ," ಅಂದರು. "ಹಲಗೆ ಕಾಣ್ತು."

ನಾನು ಆಗ ಹೇಳಿದೆ. ತೂತುಗಳನ್ನು ದಬ್ಬಳದಲ್ಲಿ ನಾನು ಮಾಡಿದ್ದು, ನಿಮ್ಮ ಗುಂಡು ಒಂದೂ ಕಾಗದಕ್ಕೆ ಬಿದ್ದಿಲ್ಲ ಅಂದೆ.

"ಎಲ್ಲಾನೂನಾ?"

"ಎಲ್ಲಾನೂ."

"ಮೊದಲನೇದು? ಅಂಗಡಿ ಗೋಡೆ ಮೇಲಿರೋದು?"

"ಅದೂನೂ."

ಇವರು ಕೆರೆಯ ನೆಲದ ಮೇಲೆ ಕೂತರು. "ನಲ್ಲಪ್ಪನಿಗೆ ತೋರಿಸಿದ್ನಲ್ಲೇ," ಅಂದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬಿಸಿಲು ಇಳಿಯುವವರೆಗೂ ಕೂತಿದ್ದರು, ನಾನೂ ಕೂತಿದ್ದೆ. ಬರುವಾಗ ಕೋವಿ ನಾನು ಹೊತ್ತುಕೊಂಡೆ.

೭ ಸೆಪ್ಟೆಂಬರ್, ಭಾನುವಾರ

ಇವರು ನಿನ್ನೆ ಅಟ್ಟಣೆಗೆ ಹೋಗಲಿಲ್ಲ. ನಾನು ಆಳುಗಳಿಗೆ ತಮಟೆ, ಪಟಾಕಿ ಕೊಟ್ಟು ಕಳಿಸಿದೆ. ಹಂದಿಗಳು ಮೇಲಿನ ತಾಕಿನಲ್ಲಿ ಕೆಲವು ಸಾಲು ಅಗೆದಿವೆ. ನಲ್ಲಪ್ಪನ ಜನ ತಮಟೆ ಸದ್ದಿಗೆ ಕುಣಿಯುತ್ತ ಹೋದರಂತೆ. ಊರ ದೇವರ ಸೇವೆ ಅಂದುಕೊಂಡರಂತೆ.

ಅಂಗಡಿ ಗೋಡೆಯ ಕಾಗದವನ್ನು ಇವರೇ ಹೋಗಿ ಕಿತ್ತು ತಂದರು. ಒಲೆಗೆ ಹಾಕಿದರು. ನನ್ನ ಜೊತೆ ಮಾತಿಲ್ಲ. ಊಟಕ್ಕೆ ಬಡಿಸಿದರೆ ಉಣ್ಣುತ್ತಾರೆ.

ಗಡ್ಡೆ ಮುಂದಿನ ವಾರವೇ ಅಗೆಸಬೇಕು.

೧೧ ಸೆಪ್ಟೆಂಬರ್, ಗುರುವಾರ

"ಅರಿಶಿನ ಒಳಗೆ ಹೋಗಿದ್ದಕ್ಕೇ ಅಷ್ಟು ನಕ್ಕೆವು," ಎಂದು ಇವರು ಬೆಳಿಗ್ಗೆ ಹಲ್ಲುಜ್ಜುತ್ತ ಹೇಳಿದರು. ನನಗೆ ಹೇಳಿದರೋ ಬೇವಿನ ಮರಕ್ಕೆ ಹೇಳಿದರೋ. ನಾನು, "ಮಂಗಳವಾರ ಚಿಕ್ಕಬಳ್ಳಾಪುರಕ್ಕೆ ಹೋಗಣ," ಅಂದೆ. ಇವರು ಬಾಯಿ ಮುಕ್ಕಳಿಸಿದರು.

೧೬ ಸೆಪ್ಟೆಂಬರ್, ಮಂಗಳವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ಡಾಕ್ಟರಿಗಿಂತ ಮುಂಚೆ ಒಬ್ಬ ಹುಡುಗಿ ಕೋಣೆಯಲ್ಲಿ ಕೂರಿಸಿ ನೋಡುತ್ತಾಳೆ. ಎದುರು ಗೋಡೆಗೆ ದೀಪವಿರುವ ಹಲಗೆ. ಮೇಲೆ ದೊಡ್ಡ ಅಕ್ಷರ, ಕೆಳಕ್ಕೆ ಹೋದ ಹಾಗೆ ಸಣ್ಣದು. ಕನ್ನಡ ಅಕ್ಷರಗಳೇ. ನನಗೆ ಬಾಗಿಲ ಪಕ್ಕ ಸ್ಟೂಲು ಕೊಟ್ಟಳು.

ಇವರ ಎಡಗಣ್ಣಿಗೆ ಮುಚ್ಚಳ ಹಾಕಿ, "ಓದಿ ಅಜ್ಜ," ಅಂದಳು.

"ಅಜ್ಜ ಯಾರಮ್ಮ?" ಅಂದರು ಇವರು.

"ಸರಿ, ಓದಿ ಅಂಕಲ್."

ಇವರು ಗಂಟಲು ಸರಿ ಮಾಡಿಕೊಂಡರು. ಕುರ್ಚಿಯಲ್ಲಿ ನೆಟ್ಟಗಾದರು. ಹಲಗೆಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ, ಆ ಹುಡುಗಿಗೆ ತಿಳಿಯದ ಹಾಗೆ, ತಲೆ ನನ್ನ ಕಡೆಗೆ ಓರೆ ಮಾಡಿದರು.

ನನಗೆ ಕೊನೆಯ ಸಾಲಿನವರೆಗೂ ಕಾಣುತ್ತಿತ್ತು. ಮೇಲಿನದು ಗ. ಅದರ ಕೆಳಗೆ ರ, ಪ.

ನಾನು ಮುಖವನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡೆ. ಹೊರಗೆ ಬೆಂಚಿನ ಮೇಲೆ ಜನ ಕೂತಿದ್ದರು, ಒಬ್ಬಾಕೆ ಮಗುವಿಗೆ ಬಿಸ್ಕತ್ತು ಮುರಿದು ಕೊಡುತ್ತಿದ್ದಳು. ಅದನ್ನು ನೋಡುತ್ತ ಕೂತೆ.

"ಕಾಣ್ಸಲ್ಲಮ್ಮ," ಅಂದರು ಇವರು.

"ಎಲ್ಲಿಂದ ಕಾಣ್ಸಲ್ಲ ಅಂಕಲ್?"

"ಮೇಲಿಂದಾನೇ."